ಅಲುಗಿದ ಚಿತ್ರಕ್ಕೆ ಸಹಿಯಿಲ್ಲ

ಪರದೆಯ ಮೇಲೆ ಎಡಸ್ತನದ ಅಂಚಿನುದ್ದಕ್ಕೂ ಬಿಳಿಯ ಗೆರೆಯೊಂದು ಹೊಳೆಯುತ್ತಿತ್ತು. ಎಂಆರ್‌ಐ ಚಿತ್ರಗಳನ್ನು ಓದಿ ವರದಿ ಬರೆಯುವ ವೈದ್ಯೆಗೆ ಆ ಗೆರೆ ಸುಳ್ಳೆಂದು ಗೊತ್ತಿತ್ತು. ನರಕ್ಕೆ ಮದ್ದು ಚುಚ್ಚುವ ಮೊದಲು ತೆಗೆದ ಚಿತ್ರವನ್ನು ಆಮೇಲಿನ ಚಿತ್ರದಿಂದ ಕಳೆದರೆ, ಮದ್ದು ಹೀರಿದ ಗಂಟು ಮಾತ್ರ ಬೆಳ್ಳಗೆ ಉಳಿಯಬೇಕು. ನಡುವೆ ಮೈ ತುಸು ಅಲುಗಿದರೂ ಇಲ್ಲದ ಬಿಳುಪು ಹುಟ್ಟುತ್ತದೆ; ಅದರ ಮರೆಯಲ್ಲಿ ನಿಜವಾದ ಗಂಟೂ ಅಡಗಿರಬಹುದು.

ಆ ಚಿತ್ರ ಅವಳ ಅತ್ತಿಗೆಯದು. ಬಲಸ್ತನದ ಕ್ಯಾನ್ಸರ್ ಗಂಟಿಗೆ ಮರುದಿನವೇ ಶಸ್ತ್ರಚಿಕಿತ್ಸೆ. ಎಡಸ್ತನದಲ್ಲಿಯೂ ಗಂಟಿದೆಯೇ ಎಂಬುದನ್ನು ಸಂಜೆಯೊಳಗೆ ಹೇಳಬೇಕಾಗಿತ್ತು.

ವಿಭಾಗದ ಮುಖ್ಯಸ್ಥರು ಬಾಗಿಲಲ್ಲೇ ನಿಂತು ಕೇಳಿದರು: "ಏನಮ್ಮ, ಇನ್ನೂ ಮೊಸರಲ್ಲಿ ಕಲ್ಲು ಹುಡುಕ್ತಾ ಕೂತಿದ್ದೀಯಾ?"

"ಮೊಸರೇ ಕದಡಿದೆ ಸರ್. ಕಲ್ಲಿದೆಯೋ ಇಲ್ಲವೋ ಕಾಣ್ತಿಲ್ಲ."

"ಅದು ಅಲುಗಾಟದ ಗೆರೆ. ನನಗೂ ಕಣ್ಣಿದೆ. ಎಡಗಡೆ ಏನೂ ಇಲ್ಲ ಅಂತ ಬರೆದು ಕಳಿಸು. ಅತ್ತಿಗೆ ಅಂತ ಕೈ ನಡುಗ್ತಿದ್ರೆ ಕೊಡಿಲ್ಲಿ, ನಾನೇ ಸಹಿ ಹಾಕ್ತೀನಿ."

ಕಾಣದ್ದನ್ನು 'ಇಲ್ಲ' ಎಂದು ಬರೆಯುವುದು ಸುಳ್ಳುಸಾಕ್ಷಿ. ನ್ಯಾಯಾಲಯದಲ್ಲಿ ಅದಕ್ಕೆ ಶಿಕ್ಷೆಯುಂಟು. ಆ ವಿಭಾಗದಲ್ಲಿ ಅದಕ್ಕೆ 'ಅನುಭವ' ಎಂಬ ಹೆಸರಿತ್ತು.

"ಬೇಡಿ ಸರ್. ನೀವು ಹಾಕಿದರೆ, ನಾನು ಒಪ್ಪಿಲ್ಲ ಅಂತ ಕೆಳಗೆ ಬರೀತೀನಿ," ಎಂದು ಅವಳು ಎದ್ದಳು.

ಹೊರಗಿನ ಬೆಂಚಿನ ಮೇಲೆ ಅತ್ತಿಗೆ ಶಾಲು ಹೊದ್ದು ಕುಳಿತಿದ್ದಳು; ಪಕ್ಕದಲ್ಲಿ ಅಣ್ಣ.

"ಅತ್ತಿಗೆ, ಒಳಗೆ ಅಲುಗಾಡಿದ್ರಾ?"

"ಅಯ್ಯೋ, ಕಲ್ಲಿನ ಹಾಗೆ ಬೋರಲು ಬಿದ್ದಿದ್ದೆ ಕಣೇ. ಆ ತಂತ್ರಜ್ಞೆ ಹುಡುಗಿ ಪಾಪ, ಮಧ್ಯೆ ಮಧ್ಯೆ 'ಆರಾಮಾಗಿದ್ದೀರಾ ಅಮ್ಮ' ಅಂತ ಮೈಕಿನಲ್ಲಿ ಕೇಳ್ತಿದ್ಲು. ಹೂಂ ಅಂತ ತಲೆ ಆಡಿಸ್ದೆ, ಅಷ್ಟೇ."

"ಬೋರಲು ಮಲಗಿ ತಲೆ ಆಡಿಸಿದ್ರೆ ಯಾರಿಗೆ ಕಾಣುತ್ತೆ?"

"ಕಾಣಲ್ಲ ಅಂತ ಮರ್ಯಾದೆ ಬಿಡೋಕಾಗುತ್ತಾ?"

ವೈದ್ಯೆಗೆ ನಗು ಬಂತು. "ಚುಚ್ಚಿದ ಮದ್ದು ಮೈಯಿಂದ ಪೂರ್ತಿ ಹೋಗ್ಬೇಕು; ಎರಡು ದಿನ ಬಿಟ್ಟು ಮತ್ತೆ ತೆಗೀಬೇಕು. ಆಪರೇಷನ್ ಮುಂದಕ್ಕೆ ಹಾಕಿಸ್ತೀನಿ."

ಅಣ್ಣ ಸಿಡಿದೆದ್ದ. "ಇವಳನ್ನ ಒಪ್ಪಿಸೋಕೆ ಎಷ್ಟು ಗೋಗರೆದಿದ್ದೀನಿ ಗೊತ್ತಾ? ಈಗ ಮನೆಗೆ ಹೋದ್ರೆ ಮತ್ತೆ ಈ ಬಾಗಿಲು ತುಳಿಯಲ್ಲ. ಗಂಟು ಬೆಳೆದ್ರೆ ನೀನು ಹೊಣೆನಾ?"

"ಎರಡು ದಿನಕ್ಕೆ ಅಷ್ಟೇನೂ ಬೆಳೆಯಲ್ಲ ಅಣ್ಣ. ಬೆಳೆದ್ರೆ ನಾನೇ ಹೊಣೆ."

 ವೈದ್ಯೆಯ ಹೆದರಿಕೆ ಗಂಟಿನದಲ್ಲ, ಅತ್ತಿಗೆ ಬಾರದೇ ಉಳಿದರೆ ಎಂಬುದರದು. ಅತ್ತಿಗೆ ಶಾಲಿನ ಅಂಚನ್ನು ಮಡಿಚುತ್ತ, ಬಿಡಿಸುತ್ತ ಕುಳಿತಳು. ಬದುಕೆಲ್ಲ ಬಟ್ಟೆ ಹೊಲಿದ ಬೆರಳುಗಳವು.

"ಅಳತೆ ತಪ್ಪಿದೆ ಅಂತ ಗೊತ್ತಾದ ಮೇಲೆ ಬಟ್ಟೆಗೇ ನಾನು ಕತ್ತರಿ ಇಡಲ್ಲ," ಎಂದಳು ಕೊನೆಗೆ. "ಮೈಗೆ ಇಡಿಸ್ತೀನಾ? ಬರ್ತೀನಿ ಬಿಡು."

ಬಂದಳು. ಈ ಬಾರಿ ವೈದ್ಯೆ ತಾನೇ ಕೈಗೆ ರಬ್ಬರಿನ ಚೆಂಡು ಕೊಟ್ಟಳು: "ಕಷ್ಟ ಆದ್ರೆ ಇದನ್ನ ಅದುಮಿ. ಯಾರೇನು ಕೇಳಿದ್ರೂ ಉತ್ತರ ಬೇಡ." ತಂತ್ರಜ್ಞೆ ತುಟಿ ಕಚ್ಚಿ ಮೈಕಿನಿಂದ ದೂರ ಕುಳಿತಳು. ಯಂತ್ರ ಬಡಿಯತೊಡಗಿತು. ಮದ್ದು ಹರಿಯಿತು. ಚೆಂಡನ್ನು ಯಾರೂ ಅದುಮಲಿಲ್ಲ.

ಪರದೆಯ ಮೇಲೆ ಬಲಗಡೆಯ ಗಂಟು ಬೆಳ್ಳಗೆ, ಚೂಪಾಗಿ ಕಂಡಿತು. ವೈದ್ಯೆ ಎಡಸ್ತನವನ್ನು ಪದರ ಪದರವಾಗಿ ನೋಡಿದಳು; ಕೊನೆಯಿಂದ ಮೊದಲಿಗೆ ಮತ್ತೊಮ್ಮೆ ನೋಡಿದಳು. ಸ್ವಚ್ಛ.

"ನಾನು ಹೇಳಿರ್ಲಿಲ್ವಾ?" ಎಂದರು ಹಿಂದಿನಿಂದ ಮುಖ್ಯಸ್ಥರು.

"ಹೇಳಿದ್ರಿ ಸರ್. ನೋಡಿರ್ಲಿಲ್ಲ."

ಆಗ ಅವಳು ಸಹಿ ಹಾಕಿದಳು. ಯಂತ್ರದ ಕೋಣೆಯಲ್ಲಿ ಅತ್ತಿಗೆ ಇನ್ನೂ ಬೋರಲಾಗಿಯೇ ಮಲಗಿದ್ದಳು. ಏಳಲು ಯಾರೂ ಹೇಳಿರಲಿಲ್ಲ.

"ಎಡಗಡೆ ಏನೂ ಇಲ್ಲ, ಅತ್ತಿಗೆ."

ಮೆತ್ತೆಯೊಳಗಿಂದ ದನಿ ಬಂತು: "ಈಗ ತಲೆ ಆಡಿಸಬಹುದೇನೇ?"