ಹಿಮ್ಮಡಿಯ ಹಿಂದೆ ಮರಳುಚೀಲ

ನನ್ನ ಕೆಲಸ ನಿಲ್ಲುವುದು. ಶಾಟ್‌ಗೆ ಮೊದಲು ಲೈಟು ಹೊಂದಿಸುವಾಗ ನಟಿಯ ಜಾಗದಲ್ಲಿ ಯಾರಾದರೂ ನಿಂತಿರಬೇಕು. ಅವರದೇ ಎತ್ತರ, ಹೆಚ್ಚುಕಡಿಮೆ ಅವರದೇ ಬಣ್ಣ ಇದ್ದರೆ ಸಾಕು, ಮುಖ ಹೇಗಿದ್ದರೂ ನಡೆಯುತ್ತದೆ. ಲೈಟಿನವರು ಎಡಕ್ಕೆ ಅಂದರೆ ಎಡಕ್ಕೆ, ಗಲ್ಲ ಮೇಲೆ ಅಂದರೆ ಮೇಲೆ. ಎಲ್ಲ ಸರಿಹೋದ ಮೇಲೆ ನಾನು ಪಕ್ಕಕ್ಕೆ ಹೋಗುತ್ತೇನೆ, ದೊಡ್ಡಮ್ಮ ಬಂದು ಅದೇ ಜಾಗದಲ್ಲಿ ನಿಲ್ಲುತ್ತಾಳೆ.

ಬಾಯಿ ಬಿಡಬೇಕಾಗಿಲ್ಲ ಅಂತಲೇ ದೊಡ್ಡಮ್ಮ ಇದನ್ನು ನನಗೆ ಕೊಡಿಸಿದ್ದು. ಸ್ಕೂಲಿನಲ್ಲಿ ಟೀಚರು ಎದ್ದು ನಿಲ್ಲು ಅಂದರೆ ನಿಲ್ಲುತ್ತಿದ್ದೆ, ಉತ್ತರ ಮಾತ್ರ ಗಂಟಲಲ್ಲೇ ಉಳಿಯುತ್ತಿತ್ತು. ಒಂಬತ್ತನೇ ತರಗತಿಗೆ ಸ್ಕೂಲೇ ಸಾಕಾಯಿತು. "ನಿಲ್ಲೋದಕ್ಕೇ ಸಂಬಳ ಕೊಡ್ತಾರೆ, ಬಾ," ಅಂದಳು ದೊಡ್ಡಮ್ಮ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳೇ, ಅಮ್ಮನ ಅಕ್ಕ.

ಬಹಳ ವರ್ಷ ನಡೆದ, ಈಗಲೂ ನಡೆಯುತ್ತಿರುವ ಒಂದು ದೊಡ್ಡ ಸೀರಿಯಲ್ಲಿನಲ್ಲಿ ದೊಡ್ಡಮ್ಮ ಮಹಡಿ ಮನೆಯ ಬಾಡಿಗೆಯವಳು. ಕಷ್ಟಗಳೆಲ್ಲ ಕೆಳಗಿನ ಮನೆಯ ಹಿರಿಸೊಸೆಗೆ. ಅವಳು ನಾಯಕಿ. ಮಹಡಿಯ ಗಂಡ ಹೆಂಡತಿ ಸಕ್ಕರೆ ಕೇಳುವ ನೆಪದಲ್ಲಿ, ನಲ್ಲಿಯ ನೆಪದಲ್ಲಿ ಇಳಿದು ಬಂದು ಆ ಕಷ್ಟಗಳನ್ನು ನೋಡುವವರು. ದೊಡ್ಡಮ್ಮನಿಗೆ ಮಾತು ಕಡಿಮೆ. ಹಿರಿಸೊಸೆ ಅಳುವಾಗ ಅವಳ ಹೆಗಲ ಹಿಂದೆ ಅರ್ಧ ತಿರುಗಿ ನಿಂತು ಒಂದು ಹುಬ್ಬು ಏರಿಸುತ್ತಿದ್ದಳು. ಅತ್ತೆ ಸುಳ್ಳು ಹೇಳುವಾಗ ಸಕ್ಕರೆ ಬಟ್ಟಲನ್ನು ಮೆಲ್ಲಗೆ ಎದೆಗೆ ಒತ್ತಿಕೊಳ್ಳುತ್ತಿದ್ದಳು. ಅಷ್ಟಕ್ಕೇ ಜನ ಬಿದ್ದು ಬಿದ್ದು ನಗುತ್ತಿದ್ದರು. ಔಷಧಿ ಅಂಗಡಿಯವನು ಮಾತ್ರೆ ಕೊಡುವ ಮೊದಲು, "ಕೆಳಗಡೆ ಏನಾಯ್ತಮ್ಮ, ಅತ್ತೆ ಒಪ್ಕೊಂಡ್ರಾ?" ಅಂತ ಕೇಳುತ್ತಿದ್ದ. ದೊಡ್ಡಮ್ಮ ಉತ್ತರ ಕೊಡದೆ ಹುಬ್ಬು ಏರಿಸುತ್ತಿದ್ದಳು. ಅವನಿಗೆ ಬೇಕಾಗಿದ್ದೂ ಅದೇ.

ಈ ಗಂಡ ಹೆಂಡತಿಯದೇ ಒಂದು ಸೀರಿಯಲ್ ಮಾಡೋಣ ಅಂತ ಚಾನೆಲ್ಲಿನವರಿಗೆ ಹೊಳೆದದ್ದು ಹೀಗೆ. ಕಥೆಯಲ್ಲಿ ಗಂಡನಿಗೆ ವರ್ಗವಾಯಿತು. ಹಿರಿಸೊಸೆ ಗೇಟಿನ ಹತ್ತಿರ ದೊಡ್ಡಮ್ಮನನ್ನು ತಬ್ಬಿಕೊಂಡು ಅತ್ತಳು, ಸಾಮಾನಿನ ಗಾಡಿ ಹೊರಟಿತು. ಬೇರೆ ಊರು, ಬೇರೆ ಮನೆ, ಹೊಸ ಸೆಟ್ಟು. ಹೊಸ ಸೀರಿಯಲ್ಲಿಗೆ ಉದ್ದನೆಯ ಹೆಸರೊಂದಿತ್ತು. ಸೆಟ್ಟಿನಲ್ಲಿ ಯಾರೂ ಅದನ್ನು ಹೇಳುತ್ತಿರಲಿಲ್ಲ. ದೊಡ್ಡದು ಹಾಕಿದ ಮರಿ, ಅದಕ್ಕೆ ಇದು ಮರಿ. "ಇವತ್ತು ಮರಿಗೆ ಎಷ್ಟು ಸೀನು?" ಅಂತ ಮೇಕಪ್ಪಿನವರು ಕೇಳುತ್ತಿದ್ದರು.

ಅತ್ತ ದೊಡ್ಡ ಸೀರಿಯಲ್ಲಿನ ಮಹಡಿಗೆ ಮರುವಾರವೇ ಹೊಸ ಬಾಡಿಗೆಯವರು ಬಂದರು, ಹೊಸದಾಗಿ ಮದುವೆಯಾದ ಜೋಡಿ. ಆ ಎಪಿಸೋಡನ್ನು ದೊಡ್ಡಮ್ಮ ಕೊನೆಯವರೆಗೂ ನೋಡಿದಳು. ಟೀವಿ ಆರಿಸಿ ನನ್ನ ಕಡೆ ತಿರುಗಿ, "ಇನ್ನು ಮರಿ ಬದುಕಿದ್ರೆ ನಾನು ಬದುಕಿದ ಹಾಗೆ ಕಣೇ," ಅಂದಳು. ಅವಳ ವಯಸ್ಸಿನವರನ್ನು ಹೊಸದಾಗಿ ಕರೆದು ಪಾತ್ರ ಕೊಡುವವರಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಮೊದಲ ದಿನವೇ ತೊಂದರೆ ಕಾಣಿಸಿತು. ಸೆಟ್ಟಿನ ನಡುಮನೆಯ ಮಧ್ಯೆ ನಾನು ನಿಂತು ಲೈಟು ಹೊಂದಿಸಿ ಆಯಿತು. ದೊಡ್ಡಮ್ಮ ಬಂದಳು, ನಾನು ನಿಂತಿದ್ದಲ್ಲೇ ನಿಂತಳು. ಡೈರೆಕ್ಟರು ಶುರು ಅಂದರು. ಮಾತು ಆಡುತ್ತ ಆಡುತ್ತ ದೊಡ್ಡಮ್ಮ ಅರ್ಧ ಹೆಜ್ಜೆ ಹಿಂದೆ ಸರಿದು ಹೆಗಲು ತಿರುಗಿಸಿದಳು. ಲೈಟು ಖಾಲಿ ಜಾಗದ ಮೇಲೆ ಬಿತ್ತು. ಇನ್ನೊಮ್ಮೆ ಮಾಡಿದರು. ಇನ್ನೊಮ್ಮೆಯೂ ಹಾಗೇ. ನಾಯಕಿಯ ಮುಖಕ್ಕೆ ತನ್ನ ನೆರಳು ಬೀಳಬಾರದು ಅಂತ ಅಷ್ಟು ವರ್ಷ ಕಲಿತ ಕಾಲು ಅದು. ಮುಂದೆ ಯಾರೂ ಇಲ್ಲ ಅಂತ ಅದಕ್ಕೆ ಯಾರು ಹೇಳಬೇಕು?

ಡೈರೆಕ್ಟರು ಒಳ್ಳೆಯ ಹುಡುಗ. ಒಂದು ದಿನವೂ ದನಿ ಏರಿಸಲಿಲ್ಲ. "ಅಮ್ಮ, ಇದು ನಿಮ್ಮದೇ ಮನೆ, ಮಧ್ಯದಲ್ಲಿ ನಿಂತ್ಕೊಳ್ಳಿ," ಅನ್ನುತ್ತಿದ್ದರು. ದೊಡ್ಡಮ್ಮ ಕ್ಷಮೆ ಕೇಳುತ್ತಿದ್ದಳು, ಮತ್ತೆ ಸರಿಯುತ್ತಿದ್ದಳು. ಕೊನೆಗೆ ಕ್ಯಾಮೆರಾದವರು ಒಂದು ಉಪಾಯ ಮಾಡಿದರು. ಲೈಟಿನ ಕಂಬ ಬೀಳದಂತೆ ಅದರ ಕಾಲಿಗೆ ಇಡುವ ಮರಳಿನ ಚೀಲವೊಂದನ್ನು ತಂದು ಅವಳ ಹಿಮ್ಮಡಿಯ ಹಿಂದೆ ಒತ್ತಿ ಇಟ್ಟರು. ಅವತ್ತಿನಿಂದ ದೊಡ್ಡಮ್ಮ ಎಲ್ಲಿ ನಿಂತರೂ ಹಿಂದೆ ಚೀಲ. ಕಾಲು ನಿಂತಿತು, ಮುಖದಲ್ಲಿ ಮಾತ್ರ ಚೀಲಕ್ಕೆ ತಾಗಿಕೊಂಡು ನಿಂತವಳ ಬಿಗಿ ಬಂತು. ಹುಬ್ಬು ಏರುವುದು ಮರೆತೇಹೋಯಿತು.

ಬರೆಯುವವರು ಸುಮ್ಮನಿರಲಿಲ್ಲ. ದೊಡ್ಡಮ್ಮನಿಗೆ ಕಳೆದುಹೋದ ಮಗಳೊಬ್ಬಳನ್ನು ಕೊಟ್ಟರು, ಗಂಡನಿಗೆ ಹೆಸರಿಲ್ಲದ ಕಾಯಿಲೆ ಕೊಟ್ಟರು. ಗಂಡನ ಪಾತ್ರದವರನ್ನು ನಾವು ಗೊರಕೆ ಮಾವ ಅನ್ನುತ್ತಿದ್ದೆವು, ಶಾಟ್‌ಗಳ ನಡುವೆ ಕುರ್ಚಿಯಲ್ಲೇ ಗೊರಕೆ ಹೊಡೆಯುವವರು. ಕಾಯಿಲೆಯ ಮಂಚ ಸಿಕ್ಕಿದ್ದು ಅವರಿಗೆ ಬಹಳ ಅನುಕೂಲವಾಗಿತ್ತು. ಒಂದು ಮಧ್ಯಾಹ್ನ ಅದೇ ಮಂಚದಿಂದ ಕಣ್ಣು ತೆರೆಯದೆ ಅವರು ಹೇಳಿದರು:

"ಇಷ್ಟು ವರ್ಷ ಪಕ್ಕದ ಮನೆ ಕಷ್ಟ ನೋಡಿ ಹೊಟ್ಟೆ ಹೊರ್ಕೊಂಡ್ವಿ. ಈಗ ನಮಗೇ ಕಷ್ಟ ಬಂದಿದೆಯಲ್ಲಮ್ಮ, ಇಳಿದು ಬಂದು ನೋಡೋಕೆ ಮೇಲೆ ಯಾರಿದ್ದಾರೆ?"

ಎಲ್ಲರೂ ನಕ್ಕರು. ಡೈರೆಕ್ಟರು ನಗಲಿಲ್ಲ, ಮಂಚದ ಕಡೆ ಬಹಳ ಹೊತ್ತು ನೋಡಿದರು. ಔಷಧಿ ಅಂಗಡಿಯವನು ಈಗ ಏನೂ ಕೇಳುತ್ತಿರಲಿಲ್ಲ, ಮಾತ್ರೆ ಎಣಿಸಿ ಕೊಡುತ್ತಿದ್ದ.

ನೋಡುವವರು ಕಡಿಮೆಯಾದಾಗ ಚಾನೆಲ್ಲಿನವರು ಹಿರಿಸೊಸೆಯನ್ನು ಒಂದು ದಿನಕ್ಕೆ ಕಳಿಸಿದರು. ಹಳೆಯ ಬಾಡಿಗೆಯವರನ್ನು ಮಾತಾಡಿಸಲು ಅವಳು ಬರುತ್ತಾಳೆ ಅಂತ ಕಥೆ. ದೊಡ್ಡಮ್ಮ ಬೆಳಿಗ್ಗೆಯೇ ಎದ್ದು ತಲೆ ಬಾಚಿ ಎರಡೆರಡು ಸಲ ಕನ್ನಡಿ ನೋಡಿಕೊಂಡಳು. ಸೆಟ್ಟಿನಲ್ಲಿ ಹಿರಿಸೊಸೆಯನ್ನು ಸೋಫಾದ ಮೇಲೆ ಕೂರಿಸಿದರು. ಅವಳು ತನ್ನ ಅತ್ತೆಯ ಹೊಸ ಹಟವೊಂದನ್ನು ಹೇಳಿಕೊಂಡು ಅಳಲು ಶುರು ಮಾಡಿದಳು. ದೊಡ್ಡಮ್ಮ ಯಾರೂ ಹೇಳದೆ ಸೋಫಾದ ಹಿಂದೆ ಹೋಗಿ ನಿಂತಳು. ಮೇಜಿನ ಮೇಲಿದ್ದ ನೀರಿನ ಲೋಟ ಎತ್ತಿಕೊಂಡಳು, ಎದೆಗೆ ಒತ್ತಿಕೊಂಡಳು. ಹುಬ್ಬು ಏರಿತು.

ಕ್ಯಾಮೆರಾದವರು ನಗು ತಡೆಯಲಾರದೆ ಬಾಯಿಗೆ ಕೈ ಇಟ್ಟುಕೊಂಡರು. ಆ ದಿನ ಮರಳಿನ ಚೀಲ ಮೂಲೆಯಲ್ಲೇ ಇತ್ತು. ಸಂಜೆ ಡೈರೆಕ್ಟರು ಎಲ್ಲರಿಗೂ ಐಸ್‌ಕ್ರೀಂ ತರಿಸಿದರು. ದೊಡ್ಡಮ್ಮ ತಿನ್ನುತ್ತ, "ನೋಡಿದ್ಯಾ, ಕೈ ಮರೆತಿಲ್ಲ," ಅಂದಳು. ನಾನು ನೋಡಿದ್ದೆ. ಅವಳು ಎಲ್ಲಿ ನಿಂತಿದ್ದಳು ಅಂತಲೂ ನೋಡಿದ್ದೆ.

ಆ ಎಪಿಸೋಡನ್ನು ಊರೆಲ್ಲ ನೋಡಿತು. ಮಾರನೆಯದನ್ನು ಯಾರೂ ನೋಡಲಿಲ್ಲ.

ಚಾನೆಲ್ ಮೇಡಂ ಸೆಟ್ಟಿಗೆ ಬಂದಾಗ ನಾನು ನಡುಮನೆಯ ಮಧ್ಯೆ ಲೈಟಿಗೆ ನಿಂತಿದ್ದೆ. ನನ್ನ ಮುಂದೆ ಜನ ಏನು ಬೇಕಾದರೂ ಮಾತಾಡುತ್ತಾರೆ, ಲೈಟಿನ ಕಂಬದ ಮುಂದೆ ಮಾತಾಡಿದ ಹಾಗೆ. ಮೇಡಂ ಕೆಟ್ಟವರಲ್ಲ. ದೊಡ್ಡಮ್ಮನ ಅಭಿಮಾನಿ ಅಂತ ತಾವೇ ಹೇಳಿಕೊಂಡರು. ಆದರೆ ಆ ಒಂದು ದಿನದಿಂದ ಎಲ್ಲ ತಿಳಿದುಹೋಯಿತು ಅಂದರು. ಜನಕ್ಕೆ ಆ ಹೆಂಗಸು ಇಷ್ಟ, ಆದರೆ ಬೇರೆಯವರ ಬೆನ್ನ ಹಿಂದೆ ಇಷ್ಟ. ಮರಿಯನ್ನು ಈ ತಿಂಗಳಿಗೇ ನಿಲ್ಲಿಸುತ್ತೇವೆ, ಕಥೆ ಮುಗಿಸಲು ಕಾಯುವುದಿಲ್ಲ, ಆ ಹೊತ್ತಿಗೆ ಅಡುಗೆ ಸ್ಪರ್ಧೆ ಹಾಕುತ್ತೇವೆ ಅಂದರು. ಡೈರೆಕ್ಟರು ಇನ್ನೊಂದು ವಾರವಾದರೂ ಕೊಡಿ ಎಂದು ಕೇಳಿಕೊಂಡರು. ಮೇಡಂ ಆಗುವುದಿಲ್ಲ ಎಂದು ತಲೆಯಾಡಿಸಿದರು. ಲೈಟಿನವರು ನನಗೆ ಗಲ್ಲ ಮೇಲೆ ಅಂದರು. ಎತ್ತಿದೆ.

ಮನೆಯಲ್ಲಿ ಬಟ್ಟೆ ಮಡಚುವಾಗ ದೊಡ್ಡಮ್ಮನಿಗೆ ಹೇಳಿದೆ. ಅವಳು ದಿಂಬಿನ ಚೀಲವೊಂದನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. ಆಮೇಲೆ ಫೋನು ತೆಗೆದು ಹಿರಿಸೊಸೆಗೆ ಮಾಡಿದಳು. ಅಷ್ಟು ವರ್ಷದಲ್ಲಿ ಅವಳು ಯಾರನ್ನಾದರೂ ಏನಾದರೂ ಕೇಳಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ವರ್ಗ ಆಗಿ ಹೋದವರು ವಾಪಸ್ ಬರೋದುಂಟಲ್ಲ," ಅಂದಳು. "ಮಹಡಿ ಬೇಡ, ಔಟ್‌ಹೌಸ್ ಆದ್ರೂ ಸಾಕು. ನೀನು ಒಂದು ಮಾತು ಹೇಳಿ ನೋಡ್ತೀಯಾ?"

ಆ ಕಡೆಯ ದನಿ ನನಗೂ ಕೇಳುತ್ತಿತ್ತು. ಮೃದುವಾಗಿಯೇ ಇತ್ತು. "ಅಕ್ಕ, ನಾನು ಹೇಳಿದ್ರೆ ಅವರು ಕೇಳಬಹುದೇನೋ. ಆದ್ರೆ ಮಹಡಿ ಹುಡುಗಿ ಈಗಷ್ಟೇ ಸೆಟ್ ಆಗ್ತಿದ್ದಾಳೆ. ಅವಳ ಕೆಲಸ ತೆಗೆದು ನಿಮಗೆ ಕೊಡಿಸೋದು ಹೇಗೆ, ನೀವೇ ಹೇಳಿ."

"ಸರಿ, ಸರಿ. ಪಾಪ, ಬೇಡ," ಅಂದಳು ದೊಡ್ಡಮ್ಮ. ಇನ್ನೊಬ್ಬರ ಕಷ್ಟ ಅಂದ ತಕ್ಷಣ ಸರಿಯುವವಳು ಅವಳು. ಫೋನಿನಲ್ಲೂ ಸರಿದಳು.

ಕೊನೆಯ ದಿನ ಬಾಗಿಲಿನ ಶಾಟ್ ಇತ್ತು. ಬಾಗಿಲು ಬಡಿದ ಸದ್ದು, ದೊಡ್ಡಮ್ಮ ತೆರೆಯಬೇಕು, ಹೊರಗೆ ಕಳೆದುಹೋದ ಮಗಳು. ಮಗಳ ಪಾತ್ರಕ್ಕೆ ಇನ್ನೂ ಯಾರನ್ನೂ ಹುಡುಕಿರಲಿಲ್ಲ, ಇನ್ನು ಹುಡುಕುವ ಕೆಲಸವೂ ಇರಲಿಲ್ಲ. ಆಚೆ ರಂಗಸಜ್ಜಿಕೆಯವರು ಅಡುಗೆಮನೆಯ ಗೋಡೆಯನ್ನು ಆಗಲೇ ಬಿಚ್ಚುತ್ತಿದ್ದರು, ಮೊಳೆ ಕೀಳುವ ಸದ್ದು ನಿಲ್ಲಲಿ ಅಂತ ಕಾಯಬೇಕಾಗುತ್ತಿತ್ತು. ಡೈರೆಕ್ಟರು ನನ್ನನ್ನು ನೋಡಿ, ಅಮ್ಮನ ಕಣ್ಣಿಗೆ ಒಂದು ಗುರಿ ಬೇಕು, ನೀನೇ ಹೊರಗೆ ನಿಂತುಕೋ ಅಂದರು. ಕ್ಯಾಮೆರಾದವರು ಅಭ್ಯಾಸದಂತೆ ಚೀಲ ತಂದರು. ದೊಡ್ಡಮ್ಮ ಬೇಡ ಎಂದು ಕೈ ಮಾಡಿದಳು.

ಬಾಗಿಲು ತೆರೆಯಿತು. ದೊಡ್ಡಮ್ಮ ನನ್ನನ್ನು ನೋಡಿದಳು. ಹಿಂದೆ ಸರಿಯಲಿಲ್ಲ, ಹೆಗಲು ತಿರುಗಿಸಲಿಲ್ಲ. ಅವಳಿಗೆ ಕೊಟ್ಟ ಮಾತು ಉದ್ದವಿತ್ತು, ಅದರಲ್ಲಿ ಒಂದನ್ನೂ ಆಡಲಿಲ್ಲ. ನಾನು ಏನೋ ಹೇಳುತ್ತಿದ್ದೇನೆ, ಅವಳು ಕೇಳುತ್ತಿದ್ದಾಳೆ ಎಂಬ ಹಾಗೆ ನೋಡುತ್ತ ನಿಂತಳು. ನಾನು ಏನೂ ಹೇಳುತ್ತಿರಲಿಲ್ಲ. ನನಗೆ ಹೇಳಲು ಬಂದದ್ದೇ ಯಾವತ್ತು? ಅವಳ ಹುಬ್ಬು ಸ್ವಲ್ಪ ಏರಿತು, ಆಮೇಲೆ ಮೆಲ್ಲಗೆ ಇಳಿಯಿತು. ಮೊಳೆ ಕೀಳುವವರೂ ಕೈ ನಿಲ್ಲಿಸಿದ್ದರು.

ಡೈರೆಕ್ಟರು ಸಾಕು ಅನ್ನಲು ಬಹಳ ಹೊತ್ತು ತೆಗೆದುಕೊಂಡರು. "ಇದೇ ಅಮ್ಮ ಇದು," ಅಂದರು. "ಇದನ್ನೇ ನಾನು ಮೊದಲ ದಿನದಿಂದ ಕೇಳ್ತಿದ್ದದ್ದು."

"ಹೂಂ," ಅಂದಳು ದೊಡ್ಡಮ್ಮ. "ಎದುರಿಗೆ ಒಬ್ಬಳು ನಿಂತಿದ್ಲಲ್ಲ."

ಆ ಶಾಟ್ ಟೀವಿಯಲ್ಲಿ ಬರಲಿಲ್ಲ. ಅದಕ್ಕೆ ಹಿಂದಿನ ಎಪಿಸೋಡಿನಲ್ಲೇ ಮರಿ ನಿಂತುಹೋಯಿತು, ಬಾಗಿಲು ಬಡಿಯುವುದಕ್ಕೂ ಮುಂಚೆ, ಗೊರಕೆ ಮಾವ ಮಾತ್ರೆ ನುಂಗುತ್ತಿರುವಾಗ. ಮಾರನೆಯ ದಿನ ಅದೇ ಹೊತ್ತಿಗೆ ಟೀವಿಯಲ್ಲಿ ಯಾರೋ ಈರುಳ್ಳಿ ಹೆಚ್ಚುತ್ತಿದ್ದರು. ಯಾಕೆ ನಿಂತಿತು ಅಂತ ಯಾರಾದರೂ ಕೇಳುತ್ತಾರೆ ಎಂದು ಕೆಲವು ದಿನ ಕಾದೆವು. ಔಷಧಿ ಅಂಗಡಿಯವನು ಮಾತ್ರ ಕೇಳಿದ, "ಊರಲ್ಲಿರಲಿಲ್ವಾಮ್ಮ? ಕಾಣಿಸ್ಲೇ ಇಲ್ಲ."

ಕೆಲಸ ಬಂದದ್ದು ನನಗೆ. ಹೊಸ ಬಾಡಿಗೆಯವಳೂ ನಮ್ಮದೇ ಎತ್ತರವಂತೆ. ದೊಡ್ಡ ಸೀರಿಯಲ್ಲಿನವರು ಅವಳ ಜಾಗದಲ್ಲಿ ಲೈಟಿಗೆ ನಿಲ್ಲಲು ಕರೆದರು. ಮನೆ ನಡೆಯಬೇಕಲ್ಲ, ಹೋದೆ. ದೊಡ್ಡಮ್ಮ ನಿಂತಿದ್ದ ಮೆಟ್ಟಿಲ ಬುಡದಲ್ಲೇ ಈಗ ನಾನು ನಿಲ್ಲುತ್ತೇನೆ. ಮೊದಲ ವಾರ ಮೆಟ್ಟಿಲ ಹಿಡಿಕಂಬಿಯ ಬಣ್ಣ ದೊಡ್ಡಮ್ಮ ಕೈ ಊರುತ್ತಿದ್ದಲ್ಲಿ ಮಾಸಿತ್ತು. ಈಗ ಹೊಸ ಬಣ್ಣ ಬಳಿದಿದ್ದಾರೆ.

ಒಂದು ಸಂಜೆ ಚಹಾಕ್ಕೆ ಹಾಲು ಇಟ್ಟಿದ್ದೆವು. ಆ ಹುಡುಗಿ ಎಲ್ಲಿ ನಿಲ್ಲುತ್ತಾಳೆ ಅಂತ ದೊಡ್ಡಮ್ಮ ಕೇಳಿದಳು. ನಾನು ಅಡುಗೆಮನೆಯ ನೆಲದ ಮೇಲೆ ತೋರಿಸಿದೆ. ಅಷ್ಟು ಮುಂದೆ ನಿಂತರೆ ನಾಯಕಿಯ ಮುಖಕ್ಕೆ ನೆರಳು ಬೀಳುವುದಿಲ್ಲವೇ ಅಂದಳು. ಬೀಳುತ್ತದೆ, ಅದಕ್ಕೆ ಇನ್ನೊಂದು ಲೈಟು ಹೆಚ್ಚು ಹಾಕುತ್ತಾರೆ ಅಂದೆ.

"ಲೈಟ್ ಯಾಕೆ? ನೀನು ಹಿರಿಸೊಸೆ ಅನ್ಕೋ, ಇಲ್ಲಿ ನಿಂತ್ಕೋ," ಅಂತ ನನ್ನನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನಿಲ್ಲಿಸಿದಳು. ತಾನು ನನ್ನ ಹೆಗಲ ಹಿಂದೆ ಬಂದು ಅರ್ಧ ಹೆಜ್ಜೆ ಸರಿದಳು. "ಹೀಗೆ. ಇಷ್ಟೇ. ಅವಳಿಗೆ ಹೇಳು."

"ಹೇಳ್ತೀನಿ," ಅಂದೆ. ಸೆಟ್ಟಿನಲ್ಲಿ ನಾನು ಬಾಯಿ ಬಿಡುವುದಿಲ್ಲ ಅಂತ ಅವಳಿಗೂ ಗೊತ್ತು, ನನ್ನನ್ನು ಕೇಳುವವರಿಲ್ಲ ಅಂತಲೂ ಗೊತ್ತು.

ಅವಳು ಅಲ್ಲೇ ನಿಂತಿದ್ದಳು. ತಿರುಗಿ ನೋಡಿದರೆ ಹುಬ್ಬು ಏರಿರುತ್ತದೆ ಅಂತ ನನಗೆ ತಿಳಿದಿತ್ತು, ತಿರುಗಲಿಲ್ಲ. ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಇಬ್ಬರೂ ಜಾಗ ಬಿಟ್ಟು ಕದಲಲಿಲ್ಲ.