ನಾಲ್ಕು ರಜಾಯಿ, ಮೂವರು ಹುಡುಗಿಯರು

ಯೂ ಲಾನ್ ನೆಲದ ಮೇಲೆ ಮೊಣಕಾಲೂರಿ, ಇಡೀ ಮೈಭಾರವನ್ನು ಬಲ ಮುಂಗೈಗೆ ಬಿಟ್ಟು, ರಜಾಯಿಯ ಅಡ್ಡಕ್ಕೆ ಒಂದು ಗೆರೆ ಎಳೆದಳು. ಗೆರೆಯುದ್ದಕ್ಕೂ ಹತ್ತಿ ತಗ್ಗಿತು. ಆ ತಗ್ಗಿನ ಎರಡೂ ಬದಿಯನ್ನು ಬೆರಳಲ್ಲಿ ಚಿವುಟಿ ಚಿವುಟಿ ಅಂಚು ಎಬ್ಬಿಸಿದಳು. ಇದು ಮೂರನೆಯದು. ಮೊದಲಿನ ಎರಡೂ ಕಿಟಕಿಯ ಕೆಳಗೆ, ಆಗಷ್ಟೇ ಚಾಕುವಿನಲ್ಲಿ ಕೊಯ್ದಿಟ್ಟ ತೋಫುವಿನ ಹಾಗೆ, ಮೂಲೆ ಮೂಲೆ ಚೂಪಾಗಿ ಕೂತಿದ್ದವು.

"ಅಕ್ಕಾ, ನಂದು ಆಯ್ತಾ?" ಮೇಲಿನ ಮಂಚದಿಂದ ತಾನ್ ಕೆಶಿನ್‌ಳ ದನಿ. ಮುಖ ಕಾಣಲಿಲ್ಲ, ಒಂದು ಪಾದ ಮಾತ್ರ ಕಟಕಟೆಯಾಚೆ ತೂಗುತ್ತಿತ್ತು.

"ಈಗ ಕೈಲಿರೋದೇ ನಿಂದು."

"ಎಡಗಡೆ ಮೂಲೆ ಇನ್ನೊಂಚೂರು ಚೂಪು ಮಾಡು. ನಿನ್ನೆ ಚಿಯು ಮೇಷ್ಟ್ರು ಅದನ್ನೇ ಬೆರಳಲ್ಲಿ ಕುಟ್ಟಿ ಕುಟ್ಟಿ ನೋಡಿದ್ರು."

"ಹಾಗಾದ್ರೆ ಇಳಿದು ಬಂದು ನೀನೇ ಮಾಡ್ಕೋ."

"ಅಯ್ಯೋ, ನಾನು ಮುಟ್ಟಿದ್ರೆ ಅದು ತೋಫು ಆಗಲ್ಲ ಅಕ್ಕಾ, ಹಬೇಲಿ ಉಬ್ಬಿದ ಬನ್ನಾಗತ್ತೆ."

ಯೂ ಲಾನ್ ನಕ್ಕಳು. ನಗುತ್ತಲೇ ಎಡಮೂಲೆಯನ್ನು ಚೂಪು ಮಾಡಿದಳು.

ಮೊದಲ ವರ್ಷದವರ ಸೈನಿಕ ತರಬೇತಿ ಶುರುವಾಗಿ ಹತ್ತು ದಿನವಾಗಿತ್ತು. ವುಹಾನ್‌ನ ಸೆಪ್ಟೆಂಬರ್ ಬಿಸಿಲಲ್ಲಿ ರಜಾಯಿ ಹೊದೆಯುವ ಹುಚ್ಚರು ಯಾರೂ ಇರಲಿಲ್ಲ. ಆದರೂ ಕಾಲೇಜು ಕೊಟ್ಟ ಹಸಿರು ರಜಾಯಿ ಪ್ರತಿ ಮಂಚದ ತಲೆಗಡೆ ಚೌಕಾಕಾರವಾಗಿ ಕೂತಿರಬೇಕು. ಆರೂಮುಕ್ಕಾಲಿಗೆ ತಪಾಸಣೆ. ಎರಡನೆಯ ದಿನವೇ, ಸೇನೆಯಿಂದ ಕವಾಯತು ಕಲಿಸಲು ಬಂದಿದ್ದ ಚಿಯು ಮೇಷ್ಟ್ರು ಎದುರು ರೂಮಿನವರ ರಜಾಯಿಯನ್ನು ಮೂರನೆಯ ಮಹಡಿಯಿಂದ ಕೆಳಗೆ ಎಸೆದಿದ್ದರು. ಅದು ಸೈಕಲ್ ಸ್ಟ್ಯಾಂಡಿನ ಮೇಲೆ ಬಿದ್ದು, ಅದರ ಒಡತಿ ಅಳುತ್ತಾ ಮೆಟ್ಟಿಲು ಇಳಿದು ಹೋಗಿದ್ದನ್ನು ಇಡೀ ಹಾಸ್ಟೆಲು ನೋಡಿತ್ತು. ಒಮ್ಮೆ ಮಡಚಿದ್ದನ್ನು ಮುಟ್ಟದೆ ಹಾಗೇ ಇಟ್ಟುಕೊಂಡರಾಯಿತು ಎಂದು ಕೆಲವರು ಉಪಾಯ ಹೂಡಿದರು. ಚಿಯು ಮೇಷ್ಟ್ರಿಗೆ ವಯಸ್ಸು ಹತ್ತೊಂಬತ್ತೇ ಆದರೂ ಬುದ್ಧಿ ಚುರುಕು. ದಿನಾ ಸಂಜೆ ಬಂದು ಎಲ್ಲ ರಜಾಯಿಗಳನ್ನೂ ಒದರಿ ಬಿಚ್ಚಿ ಹೋಗತೊಡಗಿದರು.

ಹಾಗಾಗಿ ದಿನಾ ಬೆಳಿಗ್ಗೆ ನಾಲ್ಕು ರಜಾಯಿ. ಮಡಚುವುದು ಯೂ ಲಾನ್.

ಅವಳಿಗೆ ಈ ವಿದ್ಯೆ ಬಂದದ್ದು ಬೇರೆ ಕಡೆಯಿಂದ. ಕಾಲೇಜಿನ ಪ್ರವೇಶ ಪರೀಕ್ಷೆಯನ್ನು ಅವಳು ಮೂರು ಸಲ ಬರೆದಿದ್ದಳು. ಮೊದಲ ಸಲ ಬಿದ್ದ ಮೇಲೆ ಎರಡು ವರ್ಷ ಕಳೆದದ್ದು, ಬಿದ್ದವರಿಗೆಂದೇ ಇರುವ ಶಾಲೆಯಲ್ಲಿ. ಅಲ್ಲಿ ಒಂದು ಕೋಣೆಗೆ ಹನ್ನೆರಡು ಮಂಚ, ಐದೂವರೆಗೆ ಗಂಟೆ, ಐದೂ ಮುಕ್ಕಾಲಿಗೆ ರಜಾಯಿ ಚೌಕ. "ಒಂದು ರಜಾಯಿ ನೆಟ್ಟಗೆ ಮಾಡೋಕಾಗದವರು ಬದುಕು ನೆಟ್ಟಗೆ ಮಾಡ್ಕೋತೀರಾ?" ಎಂದು ಅಲ್ಲಿಯ ವಾರ್ಡನ್ ದಿನಾ ಕೇಳುತ್ತಿದ್ದರು. ಆ ಎರಡು ವರ್ಷದಲ್ಲಿ ಅವಳಿಗೊಬ್ಬ ಗೆಳತಿಯೂ ದಕ್ಕಲಿಲ್ಲ. ಅಲ್ಲಿ ಪಕ್ಕದವಳೆಂದರೆ ತನ್ನ ಸೀಟು ಕಸಿಯಲು ಕೂತವಳು.

ಇಲ್ಲಿಗೆ ಬಂದ ಮೊದಲ ಸಂಜೆ, ಎಲ್ಲ ರೂಮುಗಳಲ್ಲೂ ಮಾಡುವ ಹಾಗೆ, ನಾಲ್ವರೂ ಹುಟ್ಟಿದ ದಿನ ಹೇಳಿಕೊಂಡು ಹಿರಿತನ ಕಟ್ಟಿದ್ದರು. ದೊಡ್ಡಕ್ಕ, ಎರಡನೆಯವಳು, ಮೂರನೆಯವಳು, ಕೊನೆಯವಳು. ಯೂ ಲಾನ್ ತನ್ನ ಇಸವಿ ಹೇಳಿದಾಗ, ಈಶಾನ್ಯದ ಕಡೆಯ ಗಟ್ಟಿ ದನಿಯ ಬೈ ರು ಬೆರಳು ಮಡಚಿ ಎಣಿಸಿ, "ಇಪ್ಪತ್ತಾ?" ಎಂದಿದ್ದಳು. ಯೂ ಲಾನ್‌ಳ ಕಿವಿ ಕೆಂಪಾಗಿತ್ತು. "ಎರಡು ಸಲ ಮತ್ತೆ ಬರೆದೆ" ಎಂದು ಬಾಯಿಬಿಟ್ಟಳು. ಶಾಂಘೈಯಿಂದ ಬಂದ ಮಾತಿನಮಲ್ಲಿ ಕೆಶಿನ್ ಚಪ್ಪಾಳೆ ತಟ್ಟಿ, "ಒಳ್ಳೇದೇ ಆಯ್ತಲ್ಲ! ನಮ್ಮ ರೂಮಿಗೆ ನಿಜವಾದ ದೊಡ್ಡಕ್ಕ ಸಿಕ್ಕಿದ್ಲು" ಎಂದುಬಿಟ್ಟಳು. ಕೊನೆಯವಳು ಶೆನ್ ಯಿ, ಹದಿನೇಳರ ಹುಡುಗಿ, ಮಾತು ಕಡಿಮೆ. ಅವಳು ಬಂದು ಯೂ ಲಾನ್‌ಳ ತೋಳಿಗೆ ತೋಳು ಸೇರಿಸಿ ನಿಂತಿದ್ದಳು. ಅಷ್ಟು ಸಾಕಾಗಿತ್ತು. ಆ ಒಂದು ತೋಳಿಗಾಗಿ ಯೂ ಲಾನ್ ನಾಲ್ಕಲ್ಲ, ನಲವತ್ತು ರಜಾಯಿ ಬೇಕಾದರೂ ಮಡಚುತ್ತಿದ್ದಳು. ಮನೆಗೆ ಫೋನು ಮಾಡಿ, "ಅಮ್ಮಾ, ಮೂವರು ತಂಗಿಯರು ಸಿಕ್ಕಿದಾರೆ" ಎಂದಿದ್ದಳು. ಅಮ್ಮ ಮರುವಾರವೇ ಹೊಗೆಯಲ್ಲಿ ಒಣಗಿಸಿದ ಮಾಂಸವನ್ನು ಕಟ್ಟಿ ಕಳಿಸಿದ್ದಳು, ತಂಗಿಯರಿಗೂ ಸೇರಿಸಿ.

ನಾಲ್ಕನೆಯ ರಜಾಯಿಯೂ ಮುಗಿಯಿತು. ಕಷ್ಟವಿದ್ದದ್ದು ಮಡಚುವುದರಲ್ಲಲ್ಲ, ಮಡಚಿದ್ದನ್ನು ಎದೆಗವಚಿಕೊಂಡು, ಒಂದು ಮೂಲೆಯೂ ಕೆಡದಂತೆ ಕಬ್ಬಿಣದ ಏಣಿ ಹತ್ತಿ ಮೇಲಿಡುವುದರಲ್ಲಿ. ನಾಲ್ವರ ಮಂಚವೂ ಮೇಲೆ, ಕೆಳಗೆ ಬರೀ ಮೇಜು; ನಾಲ್ಕು ಸಲ ಹತ್ತಿ ನಾಲ್ಕು ಸಲ ಇಳಿದಳು. ಬೈ ರು ಬಚ್ಚಲಿಗೆ ಹೋದವಳು ಇನ್ನೂ ಬಂದಿರಲಿಲ್ಲ. ಶೆನ್ ಯಿ ತನ್ನ ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿಕೊಂಡು ಮಲಗಿದ್ದಳು, ಅವಳ ರಜಾಯಿಯನ್ನು ಅವಳ ತಲೆಯ ಪಕ್ಕದಲ್ಲೇ ಸದ್ದಾಗದಂತೆ ಇಡಬೇಕಾಯಿತು.

"ಅಕ್ಕಾ, ಒಂದು ಫೋಟೋ ತೆಗಿ. ಕ್ಲಾಸ್ ಗುಂಪಿಗೆ ಹಾಕ್ಬೇಕು. ನನ್ನ ಫೋನಲ್ಲೇ ತೆಗಿ, ನಿಂದ್ರಲ್ಲಿ ಎಲ್ಲ ಮಬ್ಬು ಬರತ್ತೆ." ಕೆಶಿನ್ ರೂಮಿನ ಮುಖ್ಯಸ್ಥೆ. ತಪಾಸಣೆಯಲ್ಲಿ ಗೆದ್ದ ಕೆಂಪು ಬಾವುಟದ ಜೊತೆ ಐದು ದಿನದಿಂದ ಅವಳ ಮುಖವೇ ಗುಂಪಿನಲ್ಲಿ ಬರುತ್ತಿತ್ತು. ಯೂ ಲಾನ್ ಅದರಲ್ಲಿ ತಪ್ಪು ಹುಡುಕಿರಲಿಲ್ಲ. ಮನೆಯೊಂದರಲ್ಲಿ ಒಬ್ಬರು ಅಟ್ಟರೆ ಇನ್ನೊಬ್ಬರು ಬಡಿಸುವುದಿಲ್ಲವೇ.

ಫೋನು ಎತ್ತಿ ಹಿಡಿದಳು. ಚೌಕಟ್ಟಿನೊಳಗೆ ನಾಲ್ಕು ಹಸಿರು ಚೌಕ. ಅಷ್ಟರಲ್ಲಿ ಪರದೆಯ ಮೇಲ್ಗಡೆಯಿಂದ ಒಂದು ಸಂದೇಶ ಇಳಿದು ಬಂತು. ಗುಂಪಿನ ಹೆಸರು "ಅಜ್ಜಿ ಇಲ್ಲದ 309". 309 ಅವರದೇ ರೂಮಿನ ನಂಬರು. ಬರೆದವಳು ಬೈ ರು.

"ಅಜ್ಜಿ ಮಡಚಿ ಮುಗಿಸಿದ್ಲಾ? ಮುಗಿಯೋ ತನಕ ನಾನು ಬಚ್ಚಲಲ್ಲೇ ಇರ್ತೀನಿ. ಬಂದ್ರೆ ಆ ತುದಿ ಹಿಡ್ಕೋ ಅಂತಾಳೆ."

ಅದು ಮಾಯವಾಗುವ ಮೊದಲೇ ಇನ್ನೊಂದು ಬಂತು. ಇದನ್ನು ಬರೆದವಳು ಶೆನ್ ಯಿ.

"ಶುಕ್ರವಾರದ ಹಾಟ್‌ಪಾಟ್ ಊಟಕ್ಕೆ ಹೋಟೆಲಲ್ಲಿ ಮೂರೇ ಜನಕ್ಕೆ ಹೇಳಿದೀನಿ. ಅಜ್ಜಿಗೆ ಬಾಯಿಬಿಡ್ಬೇಡಿ. ಬಂದ್ರೆ ಮತ್ತೆ ಆ ಫೇಲಾದವರ ಶಾಲೆ ಪುರಾಣ ಶುರು ಮಾಡ್ತಾಳೆ."

ಯೂ ಲಾನ್ ತಲೆ ಎತ್ತಿ ನೋಡಿದಳು. ಐದಡಿ ಆಚೆ ಶೆನ್ ಯಿಯ ಬೆನ್ನು. ಹೊದಿಕೆಯೊಳಗೆ ಸಣ್ಣ ಬೆಳಕು ಆರಿತು.

"ತೆಗೆದ್ಯಾ?" ಕೆಶಿನ್ ಕೇಳಿದಳು.

"ಮಬ್ಬು ಬಂತು. ಇನ್ನೊಂದು ತೆಗೀತೀನಿ."

ಮೂರನೆಯ ಸಲಕ್ಕೆ ಚಿತ್ರ ಸರಿಯಾಗಿ ಬಂತು. ಫೋನನ್ನು ಮೇಲಕ್ಕೆ ಚಾಚಿ ಕೊಟ್ಟು, ಬೂಟಿನ ಲೇಸು ಕಟ್ಟಲು ಕೂತಳು. ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟಿದಳು. ಮೂರು ಸಲ ಬರೆದು ಒಳಗೆ ಬಂದವಳಿಗೆ ಮತ್ತೆ ಬಾಗಿಲ ಹೊರಗೇ ನಿಂತ ಹಾಗಾಗಿತ್ತು. ಇಲ್ಲಿ ಯಾವ ವಿಷಯದಲ್ಲಿ ಬಿದ್ದೆ ಎಂದು ಯಾರೂ ಅಂಕಪಟ್ಟಿಯನ್ನೂ ಕೊಡುವುದಿಲ್ಲ.

ಮೈದಾನದಲ್ಲಿ ಹತ್ತು ಗಂಟೆಗೇ ನೆಲ ಬೂಟಿನ ಅಡಿ ಸುಡುತ್ತಿತ್ತು. ವಿರಾಮದಲ್ಲಿ ಚಿಯು ಮೇಷ್ಟ್ರು ಸೀಟಿ ಊದಿ ಎಲ್ಲರನ್ನೂ ಕೂರಿಸಿ, ಕೊನೆಯ ದಿನದ ಸಮಾರಂಭದ ವಿಷಯ ಹೇಳಿದರು. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಕಾಲೇಜಿನ ಹಿರಿಯರ ಮುಂದೆ, ವೇದಿಕೆಯ ಮೇಲೆ, ಮೂರು ನಿಮಿಷದಲ್ಲಿ ರಜಾಯಿ ಮಡಚುವ ಪ್ರದರ್ಶನ. ನಮ್ಮ ತುಕಡಿಯಿಂದ 309ರ ತಾನ್ ಕೆಶಿನ್. ಆಕೆಗೆ ಅತ್ಯುತ್ತಮ ಶಿಕ್ಷಣಾರ್ಥಿ ಪ್ರಶಸ್ತಿಪತ್ರ.

ಚಪ್ಪಾಳೆ ಬಿತ್ತು. ಕೆಶಿನ್ ಎದ್ದು ಸೆಲ್ಯೂಟ್ ಹೊಡೆದಳು. ಕೂತ ಮೇಲೆ ಅವಳ ಮುಖ ಸುಣ್ಣದ ಹಾಗಿತ್ತು.

ಚಿಯು ಮೇಷ್ಟ್ರು ನೀರು ಕುಡಿಯುತ್ತಾ ಯೂ ಲಾನ್‌ಳ ಮುಂದೆ ನಿಂತರು. ಅವಳ ಮುಂಗೈ ಮಣಿಕಟ್ಟಿನಿಂದ ಮೊಣಕೈವರೆಗೆ ತರಚಿ ಕೆಂಪಾಗಿತ್ತು.

"ಕೈಗೇನಾಯ್ತು?"

"ಬಿಸಿಲು, ಮೇಷ್ಟ್ರೇ."

"ಬಿಸಿಲು ಒಂದೇ ಕೈಗಾ?"

ಅವಳು ಅಂಗಿಯ ತೋಳನ್ನು ಕೆಳಕ್ಕೆ ಎಳೆದುಕೊಂಡಳು. ತನಗಿಂತ ಒಂದು ವರ್ಷ ಚಿಕ್ಕವನಾದ ಆ ಮನುಷ್ಯ ಅವಳನ್ನೂ, ಆಚೆ ಕೂತ ಕೆಶಿನ್‌ಳನ್ನೂ ನೋಡಿದ. ಹೆಸರಿನ ಪಟ್ಟಿ ಆಗಲೇ ಮೇಲಕ್ಕೆ ಹೋಗಿತ್ತು. ಬಾಟಲಿಯ ಮುಚ್ಚಳ ತಿರುಗಿಸಿ, "ಬೀದಿ ಅಂಗಡೀಲಿ ಮುಲಾಮು ಸಿಗತ್ತೆ" ಎಂದು ನಡೆದುಬಿಟ್ಟ.

ಊಟದ ಹೊತ್ತಿಗೆ ಅಮ್ಮನ ಫೋನು ಬಂತು.

"ಮಾಂಸ ಚೆನ್ನಾಗಿತ್ತೇನೇ? ನಿನ್ನ ತಂಗಿಯರು ಏನಂದ್ರು?"

"ತಿಂದ್ರು. ಇನ್ನೂ ಕಳಿಸು ಅಂದ್ರು."

"ನೋಡು, ನಾನು ಹೇಳ್ಲಿಲ್ವಾ? ಜನ ಕೊಡು-ಕೊಳ್ಳೋದ್ರಲ್ಲೇ ಹತ್ರ ಆಗೋದು. ಅವರ ಕೆಲಸ ಒಂಚೂರು ಮಾಡ್ಕೊಡು, ನಿನಗೇನು ಕೈ ಸವೆಯಲ್ಲ."

"ಹ್ಞೂಂ ಅಮ್ಮಾ."

ಮಾಂಸದ ಪೊಟ್ಟಣ ಕಿಟಕಿಯಲ್ಲಿ ಹಾಗೇ ಇತ್ತು. ಬಿಚ್ಚಿದ ದಿನವೇ ಕೆಶಿನ್ ಮೂಗು ಮುಚ್ಚಿಕೊಂಡು, "ಅಕ್ಕಾ, ಇದು ಮಾಂಸಾನಾ, ಬೂಟಾ?" ಎಂದು ನಗಿಸಿದ್ದಳು. ಆ ದಿನ ಎಲ್ಲರಿಗಿಂತ ಜೋರಾಗಿ ನಕ್ಕವಳು ಯೂ ಲಾನ್.

ಸಂಜೆ ಕೆಶಿನ್ ಮೊದಲ ಬಾರಿಗೆ ನೆಲಕ್ಕಿಳಿದು ಬಂದಳು. "ಕಲಿಸು ಅಕ್ಕಾ, ಮೂರು ನಿಮಿಷದ್ದು ತಾನೇ?"

ಯೂ ಲಾನ್ ಕಲಿಸಿದಳು. ಎಲ್ಲಿ ಅಳೆಯಬೇಕು, ಎಲ್ಲಿ ಮುಂಗೈ ಒತ್ತಬೇಕು, ಎಲ್ಲಿ ಉಸಿರು ಹಿಡಿದು ತಿರುವಬೇಕು. ಕೆಶಿನ್ ಎರಡು ಸಲ ಒತ್ತಿ, ಮೂರನೆಯ ಸಲಕ್ಕೆ ಕೈ ನೋಡಿಕೊಂಡಳು.

"ಚರ್ಮ ಕಿತ್ತು ಬರತ್ತಲ್ಲೇ!"

"ಬರತ್ತೆ."

"ನಿನಗೆ ಬರ್ಲಿಲ್ವಲ್ಲ?"

ಯೂ ಲಾನ್ ತೋಳು ತೋರಿಸಲಿಲ್ಲ. ಐದನೆಯ ಪ್ರಯತ್ನಕ್ಕೂ ಅದು ಬನ್ನೇ ಆಯಿತು. ಕೆಶಿನ್ ಅದನ್ನು ಒದ್ದು, ಫೋನು ಹಿಡಿದುಕೊಂಡು ವರಾಂಡಕ್ಕೆ ಹೋದಳು. ಸ್ವಲ್ಪ ಹೊತ್ತಿಗೆ ಬೈ ರುವಿನ ಫೋನು ಗುನುಗಿತು, ಹಿಂದೆಯೇ ಶೆನ್ ಯಿಯದೂ. ಯೂ ಲಾನ್‌ಳದು ಸುಮ್ಮನಿತ್ತು. ಇಷ್ಟು ದಿನವೂ ಹೀಗೇ ಗುನುಗಿರಬೇಕು, ತಾನೇ ಕೇಳಿಸಿಕೊಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಎಂದಿನಂತೆ ಎದ್ದಳು. ಎಂದಿನಂತೆ ಮೊಣಕಾಲೂರಿದಳು. ಒಂದು ರಜಾಯಿ ಮಡಚಿದಳು. ತನ್ನದು. ಅದನ್ನು ಮೇಲಿಟ್ಟು, ಕೆಳಗಿಳಿದು, ಮೇಜಿನ ಮುಂದೆ ಕೂತು ನಿನ್ನೆಯ ತಣ್ಣನೆ ಬನ್ನು ಮುರಿದು ತಿನ್ನತೊಡಗಿದಳು.

ಸೀಟಿ ಕೂಗಿದ ಮೇಲೆ ಮೊದಲು ಎದ್ದವಳು ಬೈ ರು. "ಅಕ್ಕಾ, ಇದೇನು? ನಮ್ದು ಹಾಗೇ ಬಿದ್ದಿದೆ!"

"ಹೌದು."

"ಹುಷಾರಿಲ್ವಾ?"

"ಹುಷಾರಾಗೇ ಇದೀನಿ."

"ಮತ್ತೆ? ಇನ್ನು ಹದಿನೈದು ನಿಮಿಷದಲ್ಲಿ ಆ ರಾಕ್ಷಸ ಬರ್ತಾನೆ! ಕಿಟಕಿಯಿಂದ ಆಚೆ ಎಸೀತಾನೆ!"

"ಮೂರನೇ ಮಹಡಿ ತಾನೇ. ಇಳಿದು ಹೋಗಿ ತಂದ್ಕೋ."

ಶೆನ್ ಯಿ ಏಣಿಯ ಅರ್ಧಕ್ಕೆ ಇಳಿದವಳು ಅಲ್ಲೇ ನಿಂತಳು. ಕೆಶಿನ್ ಮಾತ್ರ ನಿಧಾನವಾಗಿ ಇಳಿದು ಬಂದು, ಯೂ ಲಾನ್‌ಳ ಪಕ್ಕ ಕುರ್ಚಿ ಎಳೆದು ಕೂತಳು. ದನಿಗೆ ಸಕ್ಕರೆ ಬೆರೆಸಿಕೊಂಡಿದ್ದಳು.

"ಅಕ್ಕಾ, ನೋಡ್ಬಿಟ್ಯಾ? ನನ್ನ ಫೋನಲ್ಲಿ?"

"ನೋಡ್ದೆ."

"ಅದು ತಮಾಷೆ. ಬೈ ರು ಇಟ್ಟ ಹೆಸರು."

"ನಾನಾ?" ಬೈ ರು ಕಿರುಚಿದಳು. "ಅಜ್ಜಿ ಅಂತ ಮೊದಲು ಅಂದವಳು ಯಾರೇ? ಮೊದಲ್ನೇ ದಿನಾನೇ, ಹಲ್ಲುಜ್ಜುವಾಗ—"

"ಬಾಯಿ ಮುಚ್ಚೇ." ಕೆಶಿನ್ ಅವಳ ಕಡೆ ತಿರುಗದೆಯೇ ಹೇಳಿ, ಯೂ ಲಾನ್‌ಳ ಮೊಣಕಾಲಿನ ಮೇಲೆ ಕೈಯಿಟ್ಟಳು. "ಕೇಳು ಅಕ್ಕಾ. ನಂಗೆ ಮಡಚೋಕೆ ಬರಲ್ಲ, ನಿಂಗೇ ಗೊತ್ತು. ಒಂಬತ್ತು ಗಂಟೆಗೆ ನೀನು ಹೋಗು. ನನ್ನ ಹೆಸರಿನ ಬಿಲ್ಲೆ ಹಾಕ್ಕೊಂಡು ಹೋಗು. ಟೋಪಿ ಇದೆ, ಎಲ್ಲರದೂ ಒಂದೇ ಬಟ್ಟೆ. ಹಿರಿಯರು ರಜಾಯಿ ನೋಡ್ತಾರೆ, ಮುಖ ಯಾರು ನೋಡ್ತಾರೆ? ಚಿಯು ಮೇಷ್ಟ್ರಿಗೂ ಹೇಳಿದೀನಿ, ಮಡಚಿದ್ರೆ ಸಾಕು ಅಂದ್ರು."

ಯೂ ಲಾನ್ ಬನ್ನನ್ನು ಅಗಿಯುತ್ತಲೇ ಇದ್ದಳು. ಮೇಷ್ಟ್ರೂ ಹಾಗಂದರೇ ಎಂದು ಕೇಳಲಿಲ್ಲ. ಅಂದಿರಬಹುದು ಎಂದು ಅವಳಿಗೆ ಗೊತ್ತಿತ್ತು.

"ಪ್ರಶಸ್ತಿಪತ್ರ?" ಶೆನ್ ಯಿ ಏಣಿಯಿಂದಲೇ ಮೆಲ್ಲಗೆ ಕೇಳಿದಳು.

"ಪತ್ರದ ಮೇಲೆ ಹೆಸರು ಅಚ್ಚಾಗಿಬಿಟ್ಟಿದೆ, ಅದಕ್ಕೇನು ಮಾಡೋಕಾಗತ್ತೆ?" ಕೆಶಿನ್ ಅಂದಳು. "ಆದ್ರೆ ಅಕ್ಕಾ, ಆ ಗುಂಪಿನ ಹೆಸರು ಈಗ್ಲೇ ಬದಲಾಯಿಸ್ತೀನಿ. 'ನಾಲ್ವರು ಅಕ್ಕತಂಗಿಯರು' ಅಂತ ಇಡೋಣ. ಇವತ್ತು ಹಾಟ್‌ಪಾಟ್‌ಗೆ ನೀನೂ ಬರ್ಬೇಕು. ನಿನ್ನ ಪಕ್ಕ ಶೆನ್ ಯಿ ಕೂತ್ಕೋತಾಳೆ, ಅಲ್ವೇನೇ?"

ಶೆನ್ ಯಿ ತಲೆಯಾಡಿಸಿದಳು. ಅವಳ ಕಣ್ಣಲ್ಲಿ ನೀರಿತ್ತು. ಅದು ಯಾವುದರ ನೀರು ಎಂದು ಯೂ ಲಾನ್‌ಗೆ ತಿಳಿಯಲಿಲ್ಲ. ಆದರೆ ಆ ನೀರು ನೋಡಿದ್ದೇ ಎದೆಯೊಳಗೆ ಏನೋ ನಾಚಿಕೆಯಿಲ್ಲದ ನಾಯಿಯ ಹಾಗೆ ಬಾಲ ಅಲ್ಲಾಡಿಸಿತು. ಹೋಗು, ಮೂರೇ ನಿಮಿಷ ಅಂದಿತು. ಅವಳು ಆ ನಾಯಿಯ ಮೇಲೆ ಕೋಪಗೊಂಡಳು. ಎದುರಿಗಿದ್ದ ಮೂವರ ಮೇಲೆ ಕೂಡ ಅಷ್ಟು ಕೋಪ ಬಂದಿರಲಿಲ್ಲ.

ಮೇಜಿನ ಮೇಲೆ ಅವಳ ಫೋನು ಗುನುಗಿತು. ತಾನ್ ಕೆಶಿನ್ ನಿಮ್ಮನ್ನು ಗುಂಪಿಗೆ ಕರೆದಿದ್ದಾರೆ.

"ಒತ್ತು ಅಕ್ಕಾ, ಒಳಗೆ ಬಾ," ಎಂದು ಕೆಶಿನ್ ಇನ್ನೊಂದು ಕೈಯಲ್ಲಿ ತನ್ನ ಬಿಲ್ಲೆಯನ್ನು ಚಾಚಿದಳು. ಯೂ ಲಾನ್ ಅಲ್ಲಾಡಲಿಲ್ಲ. ಕೆಶಿನ್‌ಳ ದನಿಯಲ್ಲಿದ್ದ ಸಕ್ಕರೆ ಕರಗಿತು. "ಇನ್ನೂ ನಾಲ್ಕು ವರ್ಷ ಇದೇ ನಾಲ್ಕು ಗೋಡೆ ಮಧ್ಯೆ ಇರ್ಬೇಕು ನೀನು. ಮುಖ ನೋಡ್ಕೊಂಡು, ನಮ್ಮ ಜೊತೇಲೇ. ಯೋಚ್ನೆ ಮಾಡು."

ವರಾಂಡದ ಆ ತುದಿಯಲ್ಲಿ ಬೂಟಿನ ಸದ್ದು ಕೇಳಿಸಿತು. ಬೈ ರು ತನ್ನ ರಜಾಯಿಯನ್ನು ಹೇಗೆಂದರೆ ಹಾಗೆ ಸುತ್ತತೊಡಗಿದಳು.

"ಬೇಡ," ಎಂದಳು ಯೂ ಲಾನ್.

"ಯಾವುದು ಬೇಡ? ಬಿಲ್ಲೆನಾ, ಗುಂಪಾ?"

"ಎರಡೂ ಬೇಡ."