ಸಾವಕಾರರು ಹತ್ತಿದರೆ ಹತ್ತುವ ದೀಪ

ಜೇವರ್ಗಿಯಲ್ಲಿ ಲಾರಿ ಮಿಸ್ತ್ರಿ ಯಾಕೂಬಸಾಬರ ಶೆಡ್ಡಿನ ಮುಂದೆ ಲಾರಿ ನಿಂತಾಗ ಮಧ್ಯಾಹ್ನ ಒಂದೂವರೆ. ಜಗದೇವ ಎಂಜಿನ್ ಬಂದ್ ಮಾಡಿ, ಸ್ಟೇರಿಂಗಿನ ಮೇಲೆ ಹಣೆಯಿಟ್ಟು ಹಾಗೇ ಕುಳಿತ. ಇಪ್ಪತ್ತೆರಡು ವರ್ಷದ ಲಾರಿ. ಅದರಲ್ಲಿ ಹದಿನೇಳು ವರ್ಷ ಅವನದೇ ಕೈ. ಅಷ್ಟೂ ವರ್ಷ ಓಡಿಸಿ ಆಗದ ದಣಿವು ಈ ನಾಲ್ಕು ತಿಂಗಳಲ್ಲಿ ಒಂದೇ ಮಾತನ್ನು ಹೇಳಿ ಹೇಳಿ ಆಗಿತ್ತು.

ಮಾತು ಇಷ್ಟೇ: ಲೈಟು ಹತ್ತುವುದಿಲ್ಲ.

ಪೂರಾ ಹತ್ತುವುದಿಲ್ಲ ಎಂದೇನಲ್ಲ. ಸ್ವಿಚ್ ಒತ್ತಿದರೆ ಹೆಡ್‌ಲೈಟು ಬೀಡಿಯ ತುದಿಯಷ್ಟು ಕೆಂಪಗಾಗುತ್ತದೆ. ಎಡಕ್ಕೆ ಸಿಗ್ನಲ್ ಹಾಕಿದರೆ ಹಾರ್ನು ಹೊಟ್ಟೆನೋವಿನ ಎಮ್ಮೆಯಂತೆ ‘ಹೂಂ…’ ಎಂದು ನರಳುತ್ತದೆ. ಹಾರ್ನು ಒತ್ತಿದರೆ ವೈಪರು ಒಂದು ಗೇಣು ಎದ್ದು, ಬೇಡ ಬಿಡು ಎಂದು ಮಲಗುತ್ತದೆ. ಆದರೆ ಇದೆಲ್ಲ ಜಗದೇವ ಒಬ್ಬನೇ ಇದ್ದಾಗ. ಮಾಲಕರಾದ ದೊಡ್ಡಪ್ಪ ಸಾವಕಾರರು ನೋಡಲು ಬಂದು ಪಕ್ಕದ ಸೀಟಿನಲ್ಲಿ ಕುಳಿತರೋ, ಎಲ್ಲವೂ ಝಗಝಗ.

ಹೋದ ತಿಂಗಳು ತೊಗರಿ ತುಂಬಿದ ಲಾರಿಯನ್ನು ಲೈಟಿಲ್ಲವೆಂದು ಮಟಕಿ ಊರಿನ ಬಳಿ ಬೆಳಗಿನ ತನಕ ನಿಲ್ಲಿಸಿದ್ದೇ ದೊಡ್ಡದಾಯಿತು. ಕತ್ತಲಿಗೆ ಅಂಜುತ್ತಾನೆ, ನಿದ್ದೆಗೆ ನೆಪ ಹೇಳುತ್ತಾನೆ ಎಂದು ಸಾವಕಾರರು ಆಳಂದದ ಅಡತಿ ಅಂಗಡಿಗಳಲ್ಲೆಲ್ಲ ಸಾರಿದರು. ಆಳಂದದ ಮಿಸ್ತ್ರಿ ನೋಡಿ ಏನೂ ಇಲ್ಲ ಎಂದ. ಅಫಜಲಪುರದ ಮಿಸ್ತ್ರಿಯೂ ಅದನ್ನೇ ಎಂದ. ಇಬ್ಬರೂ ನೋಡುವಾಗ ಸಾವಕಾರರು ಮೇಲೆಯೇ ಕುಳಿತಿದ್ದರು. ದೊಡ್ಡಪ್ಪ ಎಂಬುದು ಅವರಿಗೆ ಅಳತೆ ತೆಗೆದು ಇಟ್ಟ ಹೆಸರು. ಮೇಲಾಗಿ ಎರಡೂ ಮೊಣಕಾಲು ಸವೆದಿದ್ದವು. ಒಮ್ಮೆ ಲಾರಿ ಹತ್ತಿದರೆ ಇಳಿಯುವ ಮಾತಿರಲಿಲ್ಲ.

“ಇವತ್ತ ಕಡೀ ಸಲ ನೋಡೋ ಜಗದೇವಾ,” ಎಂದರು ಸಾವಕಾರರು ಪಕ್ಕದ ಸೀಟಿನಿಂದಲೇ. “ಯಾಕೂಬಸಾಬನೂ ಏನೂ ಇಲ್ಲ ಅಂದ್ರ ಚಾವಿ ಇಲ್ಲೇ ಕೊಡಬೇಕು. ಗೊಬ್ಬೂರದ ಮುಜೀಬಗ ಗಾಡಿ ಹೊಡಿಯಾಕ ಬಾ ಅಂದೀನಿ. ಬಸ್ಸಿನಾಗ ಬರಾಕತ್ತಾನ.”

“ಕೊಡ್ತೇನ್ರಿ.”

“ಸುಳ್ಳ ಹೇಳಿದೆ ಅಂತ ಒಪ್ಕೊ. ಈಗಲೂ ಬಿಟ್ಟಬಿಡ್ತೇನಿ.”

“ಸುಳ್ಳ ಹೇಳಿದ್ರ ಒಪ್ಕೋತಿದ್ದೆ ರೀ.”

ಯಾಕೂಬಸಾಬರು ಚಷ್ಮಾದ ದಾರ ಕಿವಿಗೆ ಸುತ್ತಿಕೊಳ್ಳುತ್ತ ಬಂದರು. “ಏನ್ ತಕ್ಲೀಫ್?”

ಜಗದೇವ ಬಾಯಿ ತೆರೆಯುವಷ್ಟರಲ್ಲಿ ಸಾವಕಾರರು ಅವನ ದನಿಯನ್ನೇ ಮೂಗಿನಿಂದ ಎಳೆದರು: “‘ಲೈಟ ಹತ್ತವಲ್ಲವ್ರೀ ಸಾವಕಾರ್ರಽ…’”

ಯಾಕೂಬಸಾಬರು ನಗಲಿಲ್ಲ. ಗೋಣಿಚೀಲ ಹಾಸಿ ಲಾರಿಯ ಕೆಳಗೆ ಹೋದರು. ಟೆಸ್ಟ್ ಬಲ್ಬಿನ ಒಂದು ವೈರು ಬ್ಯಾಟರಿಗೆ, ಇನ್ನೊಂದು ಕ್ಯಾಬಿನ್ನಿನ ಕಬ್ಬಿಣಕ್ಕೆ. ಬಲ್ಬು ಹತ್ತಿತು. ಮೇಲೆ ಜಗದೇವ ಸ್ವಿಚ್ ಹಾಕಿದ. ಹೆಡ್‌ಲೈಟಿನ ಬೆಳಕು ಶೆಡ್ಡಿನೊಳಗಿನ ಗೋಡೆಗೆ ಸುಣ್ಣದಂತೆ ಬಡಿಯಿತು.

“ಅರ್ಥ್ ಛಲೋ ಅದ,” ಎಂದಿತು ಕೆಳಗಿನ ದನಿ.

“ಏನಂದಿ?” ಎಂದರು ಸಾವಕಾರರು.

“ಅರ್ಥ್ ರೀ. ಕರೆಂಟ್ ತಿರುಗಿ ಮನೀಗಿ ಹೋಗೋ ದಾರಿ. ಕ್ಯಾಬಿನ್ನಿಂದ ಕೆಳಗಿನ ಚಾಸಿಗಿ, ಚಾಸಿಯಿಂದ ಬ್ಯಾಟರಿಗಿ. ಅದಿಲ್ಲಂದ್ರ ಕರೆಂಟ್ ದಾರಿ ತಪ್ಪಿ ಹಾರ್ನಿನ ಮನಿ, ವೈಪರಿನ ಮನಿ ಹೊಕ್ಕೊಂತ ತಿರಗತದ. ಇಲ್ಲಿ ದಾರಿ ಸಾಫ್ ಅದ.”

“ಕೇಳಿದೇನೋ? ಗಾಡ್ಯಾಗ ಅರ್ಥ ಅದ. ನಿನ್ನ ಮಾತಿನ್ಯಾಗೇ ಇಲ್ಲ.”

ಜಗದೇವನಿಗೆ ಸಿಟ್ಟು ಬರಲಿಲ್ಲ. ಸಿಟ್ಟಿಗೂ ಒಂದಿಷ್ಟು ತ್ರಾಣ ಬೇಕು. ಅವನ ಕೈ ಚಾವಿಯ ಕಡೆ ಹೋಯಿತು.

“ತಡಿ, ಮೊದಲ ನನಗ ಇಳಸು. ಆವಾಗಿಂದ ಒಂದಕ್ಕ ಬಂದದ. ಸಕ್ಕರಿ ರೋಗ ಯಾರ ಮಾತ ಕೇಳ್ತದ?”

ಜಗದೇವ ಮೇಲಿನಿಂದ ಅವರ ರಟ್ಟೆ ಹಿಡಿದು ಇಳಿಬಿಟ್ಟ. ಸಾವಕಾರರ ಎರಡನೆಯ ಕಾಲು ನೆಲ ಮುಟ್ಟಿತು, ಕ್ಯಾಬಿನ್ನು ಒಂದು ಬೆರಳಷ್ಟು ಮೇಲಕ್ಕೆದ್ದಿತು, ಗೋಡೆಯ ಮೇಲಿನ ಬೆಳಕು ಆರಿಹೋಯಿತು.

“ಅರೆ!” ಕೆಳಗಿನಿಂದ ಯಾಕೂಬಸಾಬರು ಕೂಗಿದರು. “ಬಲ್ಬ್ ಹೋತಲ್ಲ! ಯಾರ ಇಳದ್ರು?”

“ಸಾವಕಾರ್ರು,” ಎಂದ ಜಗದೇವ, ಗೋಡೆಯನ್ನೇ ನೋಡುತ್ತ.

“ಹತ್ತಸ್ರಿ ಅವರಿಗಿ.”

“ಒಂದಕ್ಕ ಹೊಂಟೀನೋ ಮಾರಾಯಾ!”

“ಒಂದು ಆಮ್ಯಾಗ್ರಿ. ಮೊದಲ ಹತ್ತು.”

ಜಗದೇವ ಮೇಲಿನಿಂದ ಎಳೆದ, ಯಾಕೂಬಸಾಬರು ಹೊರಬಂದು ಕೆಳಗಿನಿಂದ ಒತ್ತಿದರು. ಸಾವಕಾರರು ಹತ್ತಿದರು, ಲೈಟು ಹತ್ತಿತು. ಇಳಿದರು, ಹೋಯಿತು. ಮೂರನೆಯ ಸಲ ಹತ್ತಿಸಿದಾಗ ಅವರ ಮುಖದಲ್ಲಿ ಮಾಲಕತನವೆಲ್ಲ ಇಳಿದು, ಒಂದೇ ಒಂದು ಬೇಡಿಕೆ ಉಳಿದಿತ್ತು. ಯಾಕೂಬಸಾಬರು ಕೈಬೀಸಿ ಅವರನ್ನು ಜಾಲಿಗಿಡದ ಕಡೆಗೆ ಬಿಟ್ಟುಕೊಟ್ಟರು.

ಅವರು ತಿರುಗಿ ಬಂದಾಗ ಮಿಸ್ತ್ರಿ ಕ್ಯಾಬಿನ್ನಿನ ಹಿಂದೆ ಒಂದು ಹೆಣೆದ ತಾಮ್ರದ ಪಟ್ಟಿಯನ್ನು ಬೆರಳಲ್ಲಿ ಅಲ್ಲಾಡಿಸುತ್ತಿದ್ದರು.

“ಅರ್ಥಿನ ದಾರಿ ಇದು. ಇದರ ಬುಡಕ್ಕ ಬಣ್ಣ ಬಡದು, ಬಣ್ಣದ ಮ್ಯಾಲೇ ಬೋಲ್ಟ್ ಬಿಗದಾರ. ಬಣ್ಣದಾಗ ಕರೆಂಟ್ ಹಾಯಂಗಿಲ್ಲ. ಕ್ಯಾಬಿನ್ ಕೆಳಗಿನ ರಬ್ಬರ್ ಬ್ಯಾರೆ ಸವದಾವ. ನೀವು ಕುಂತ್ರ ಅದು ಕುಸದು, ಕಬ್ಬಣಕ್ಕ ಕಬ್ಬಣ ಹತ್ತತದ. ಇಷ್ಟ ದಿನ ಈ ಗಾಡೀದು ಅರ್ಥ್ ನೀವೇ ಇದ್ರಿ ಸಾವಕಾರ್ರ. ಬಣ್ಣ ಯಾವಾಗ ಹಚ್ಚಿಸಿದ್ರಿ?”

“ದಸರಾಕ್ಕ, ನಾಕ ತಿಂಗಳಾತು,” ಎಂದರು ದೊಡ್ಡಪ್ಪ ಸಾವಕಾರರು ಸಣ್ಣಗೆ. ಒಂದು ಚೂರೂ ಕಬ್ಬಿಣ ಕಾಣಬಾರದೆಂದು ಪೇಂಟರನ ಬೆನ್ನಿಗೆ ನಿಂತು ಹೊಡೆಸಿದವರು ಅವರೇ.

ಬೋಲ್ಟು ಬಿಚ್ಚಲು ಅರ್ಧ ತಾಸು ಹಿಡಿಯಿತು. ಜಗದೇವ ತಾನೇ ಕಬ್ಬಿಣ ಉಜ್ಜುವ ಕಾನಸು ಹಿಡಿದು ಬಣ್ಣ ಕೆರೆದ. ಮೇಲೆ ನೀಲಿ, ಅಂಚಿಗಷ್ಟೇ ಹಳೆಯ ಹಸಿರು, ಅದರಡಿ ತುಕ್ಕು, ಆಮೇಲೆ ಬೆಳ್ಳಗಿನ ಕಬ್ಬಿಣ. ಪಟ್ಟಿಯ ಎರಡೂ ತುದಿಗೆ ಉಸುಕಿನ ಕಾಗದ ತಿಕ್ಕಿ, ಬಿಗಿದು, ಮೇಲೆ ಗ್ರೀಸು ಬಳಿದರು. ಬೆವರು ಕಣ್ಣಿಗಿಳಿದರೂ ಅವನು ಒರೆಸಿಕೊಳ್ಳಲಿಲ್ಲ.

“ಸಾವಕಾರ್ರ, ನೀವು ಕೆಳಗೇ ನಿಂದರ್ರಿ,” ಎಂದು ಒಬ್ಬನೇ ಹತ್ತಿ ಕುಳಿತ. ಲೈಟು ಹಾಕಿದ, ಹತ್ತಿತು. ಸಿಗ್ನಲ್ ಹಾಕಿದ, ಹಾರ್ನು ಸುಮ್ಮನಿತ್ತು. ಹಾರ್ನು ಒತ್ತಿದ, ವೈಪರು ಮಲಗೇ ಇತ್ತು. ಇನ್ನೊಮ್ಮೆ ಎಲ್ಲವನ್ನೂ ಮಾಡಿದ.

ಸಾವಕಾರರು ಗೋಡೆಯನ್ನು ನೋಡಿದರು, ಲಾರಿಯನ್ನು ನೋಡಿದರು. “ಇದನ್ನ ಮೊದಲೇ ಹೇಳಬಾರದೇನೋ?”

ಜಗದೇವ ಲೈಟು ಆರಿಸಿ ಕೆಳಗಿಳಿದ.

ಸಾವಕಾರರು ಬೆನ್ನು ತಿರುಗಿಸಿ ಫೋನ್ ಹಚ್ಚಿದ್ದರು. “ಮುಜೀಬ, ಎಲ್ಲಿದ್ದಿ? ಹಂಗಾರ ಅಲ್ಲೇ ಇಳಿ… ಇಲ್ಲಪ, ಜಗದೇವನೇ ಹೊಡೀತಾನ… ಛೇ, ಸುಳ್ಳ ಹೇಳಿದ್ದಿಲ್ಲ ಅವ. ಗಾಡಿನೇ ಖರಾಬ್ ಇತ್ತು.”

“ಏನಂದ್ರಿ ಸಾವಕಾರ್ರ?” ಜಗದೇವ ಅವರ ಹಿಂದೆಯೇ ನಿಂತಿದ್ದ.

“ನಿನಗಲ್ಲೋ, ಫೋನಿನ್ಯಾಗ.”

“ಫೋನಿನ್ಯಾಗ ಏನಂದ್ರಿ?”

ಸಾವಕಾರರು ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡರು. ಶೆಡ್ಡಿನ ಕಡೆ ನೋಡಿದರು. ಯಾಕೂಬಸಾಬರು ಬೋಲ್ಟು ಬಿಚ್ಚಿದ ಪಾನಾ ಒರೆಸುವುದನ್ನು ಬಿಟ್ಟು ಕೇಳುತ್ತ ನಿಂತಿದ್ದರು. “ಸುಳ್ಳ ಹೇಳಿದ್ದಿಲ್ಲ ನೀ ಅಂದೆ.”

“ಆತು ಬಿಡ್ರಿ,” ಎಂದ ಜಗದೇವ. ನೆರಳಲ್ಲಿದ್ದ ಹಳೆಯ ಟೈರಿನ ಮೇಲೆ ಹೋಗಿ ಕುಳಿತ. ಲಾರಿಯ ಹೊರಗೆ ಸಾವಕಾರರ ಎದುರು ಅವನು ಕುಳಿತದ್ದು ಹದಿನೇಳು ವರ್ಷದಲ್ಲಿ ಅದೇ ಮೊದಲು.

“ಹೋಗೂಣೇನು? ಆಳಂದ ದೂರ ಅದ.”

“ಹೋಗೂಣ್ರಿ. ಸ್ವಲ್ಪ ಕೂಡ್ತೇನಿ.”

ಸಾವಕಾರರು ಇನ್ನೊಮ್ಮೆ ಕರೆಯಲಿಲ್ಲ. ಫೋನನ್ನು ಕಿಸೆಗೆ ಹಾಕಿ, ಬಿಸಿಲಿನಲ್ಲೇ ಕಾಯುತ್ತ ನಿಂತರು.